ಅಡುಗೆಮನೆಯ ಕೆಮ್ಮು

ಕಾರ್ಬುರೇಟರ್ ಮೇಸ್ತ್ರಿ ಎಂದರೆ ಆ ರಸ್ತೆಯಲ್ಲಿ ಯಾರು ಬೇಕಾದರೂ ಮನೆ ತೋರಿಸುತ್ತಿದ್ದರು. ಮನೆಯೇನು ಬಂತು, ಮುಂದೆ ತಗಡಿನ ಶೆಡ್ಡು, ಹಿಂದೆ ಒಂದು ಕೋಣೆ, ನಡುವೆ ಅಡುಗೆಮನೆಯ ಕಿಟಕಿ. ಹಳೇ ಕಾರುಗಳ ಎಂಜಿನ್ನಿಗೆ ಗಾಳಿ, ಪೆಟ್ರೋಲು ಹದವಾಗಿ ಬೆರೆಯುವಂತೆ ಮಾಡುವುದೇ ಅವನ ಕಸುಬು. ಗಾಳಿ ಹೆಚ್ಚಾದರೆ ಎಂಜಿನ್ ಕಾದು ಕೆಂಡವಾಗುತ್ತದೆ, ಏರಿನಲ್ಲಿ ತಿಣುಕುತ್ತದೆ. ಪೆಟ್ರೋಲು ಹೆಚ್ಚಾದರೆ ಪೂರ್ತಿ ಉರಿಯದೆ ಕರಿಹೊಗೆಯಾಗಿ ಹೋಗುತ್ತದೆ. ಶಕ್ತಿಯೂ ಇಲ್ಲ, ಮೈಲೇಜೂ ಇಲ್ಲ. ಎರಡರ ನಡುವಿನ ಹದ ಕಾರ್ಬುರೇಟರಿನ ಒಂದು ಸಣ್ಣ ಸ್ಕ್ರೂವಿನ ತುದಿಯಲ್ಲಿತ್ತು; ಬಿಗಿದಷ್ಟೂ ಪೆಟ್ರೋಲು ಕಡಿಮೆ.

ಅದನ್ನು ಹಿಡಿಯಲು ಅವನ ಬಳಿ ಯಂತ್ರವಿರಲಿಲ್ಲ, ಹೆಂಡತಿಯಿದ್ದಳು. ಮೊದಲು ಬೇಕೆಂದೇ ಪೆಟ್ರೋಲು ಹೆಚ್ಚು ಬಿಡುತ್ತಿದ್ದ. ಹೊಗೆ ಕಿಟಕಿ ದಾಟಿ ಒಳಗೆ ನುಗ್ಗಿದರೆ ಅವಳು ಕೆಮ್ಮುತ್ತಿದ್ದಳು. ಇವನು ಸ್ಕ್ರೂ ಬಿಗಿ ಮಾಡುತ್ತ ಬರುತ್ತಿದ್ದ. ಕೆಮ್ಮು ನಿಂತಲ್ಲಿಗೆ ಹದ.

"ಸರಿಹೋಯ್ತೇನೇ?" ಎಂದು ಕೂಗುತ್ತಿದ್ದ.

"ಬದುಕ್ಕೊಂಡೆ ಬಿಡಿ!" ಎಂದು ಒಳಗಿನಿಂದ ಉತ್ತರ.

ಗಿರಾಕಿಗಳು ಬಿದ್ದು ಬಿದ್ದು ನಗುತ್ತಿದ್ದರು. "ನನ್ನ ಮೀಟರು ಅಡುಗೇನೂ ಮಾಡುತ್ತೆ ಸಾರ್" ಎಂದು ಇವನು ಮೀಸೆ ತಿರುವುತ್ತಿದ್ದ. ಅಯ್ಯೋ, ಆ ಹೊಗೆ ಹೋಗಿ ಕೂರುವುದು ಎಲ್ಲಿ ಎಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲವಲ್ಲ!

ಒಂದು ಬೆಳಿಗ್ಗೆ ಟ್ಯಾಕ್ಸಿಯೊಂದರ ಸ್ಕ್ರೂ ಎಷ್ಟು ಬಿಗಿದರೂ ಕೆಮ್ಮು ನಿಲ್ಲಲಿಲ್ಲ. ಹೊಗೆ ತೆಳುವಾಯಿತು, ಆಮೇಲೆ ಕಾಣದಾಯಿತು. ಇನ್ನೂ ಬಿಗಿದ. ಎಂಜಿನ್ ಗಡಗಡ ನಡುಗಿ ನಿಂತೇ ಹೋಯಿತು. ಶೆಡ್ಡಿನಲ್ಲಿ ಸದ್ದಡಗಿದರೂ ಕೆಮ್ಮು ಮಾತ್ರ ನಡೆದೇ ಇತ್ತು.

ಸ್ಕ್ರೂಡ್ರೈವರ್ ಬಿಸಾಡಿ ಒಳಗೆ ಓಡಿದ. ಅವಳು ಒಲೆಕಟ್ಟೆ ಹಿಡಿದು ಬಗ್ಗಿ ನಿಂತಿದ್ದಳು.

"ಯಾವಾಗಿಂದ ಹೀಗೆ?"

"ನಿಮ್ಮ ಗಾಡಿ ಹೊಗೆ ಅಂತಲೇ ಅಂದ್ಕೊಂಡಿದ್ದೆ ರೀ. ಶೆಡ್ ಮುಚ್ಚಿದ್ದಾಗಲೂ ಬರೋಕೆ ಶುರುವಾಯ್ತು. ಹೇಳೋಕೆ ಭಯ ಆಯ್ತು."

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ತುಂಬಾ ತಡವಾಗಿದೆ ಎಂದರು. ಹೊಗೆಯಿಂದಲೇ ಬಂತೇ ಎಂದು ಇವನು ಕೇಳಿದ. ಇರಬಹುದು ಎಂದರು. ಆ 'ಇರಬಹುದು' ಅವನನ್ನು ಕಿತ್ತು ತಿಂದಿತು. ಅಂದಿನಿಂದ ಗಾಡಿಗಳನ್ನು ತಾನೇ ರಸ್ತೆಯ ತುದಿಗೆ ತಳ್ಳಿಕೊಂಡು ಹೋಗಿ ಅಲ್ಲಿ ಸ್ಟಾರ್ಟ್ ಮಾಡತೊಡಗಿದ. ಬರೀ ಎಂಜಿನ್ ಸದ್ದಿನಿಂದ ಹದ ಸಿಗಲಿಲ್ಲ. ಹೊಗೆ ಕಂಡರೆ ಸಾಕು, ಸ್ಕ್ರೂ ಅತಿಯಾಗಿ ಬಿಗಿಯುತ್ತಿದ್ದ. ಗಾಡಿಗಳು ಏರು ಹತ್ತಲಾರದೆ ವಾಪಸ್ಸು ಬರುತ್ತಿದ್ದವು.

"ಇಲ್ಲೇ ಸ್ಟಾರ್ಟ್ ಮಾಡಿ ರೀ, ಸದ್ದಾದ್ರೂ ಕೇಳಲಿ" ಎಂದು ಅವಳು ಹಾಸಿಗೆಯಿಂದ ಬೇಡಿಕೊಂಡಳು. ಅವನು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಚಳಿಗಾಲ ಮುಗಿಯುವುದರೊಳಗೆ ಅವಳು ಹೋದಳು.

ಆಮೇಲೆ ಮೊದಲು ಬಂದವನು ಅಂದು ಬೆಳಿಗ್ಗೆ ನಿಂತುಹೋದ ಟ್ಯಾಕ್ಸಿಯ ಡ್ರೈವರ್. ಇನ್ನು ಅಷ್ಟು ದೂರ ತಳ್ಳುವುದು ಯಾರಿಗಾಗಿ? ಮೇಸ್ತ್ರಿ ಶೆಡ್ಡಿನಲ್ಲೇ ಸ್ಟಾರ್ಟ್ ಮಾಡಿ, ಹಳೇ ಅಭ್ಯಾಸದಂತೆ ಪೆಟ್ರೋಲು ಹೆಚ್ಚು ಬಿಟ್ಟ. ಕರಿಹೊಗೆ ಕಿಟಕಿ ದಾಟಿ ಒಳಗೆ ಹೋಯಿತು. ಅವನು ಸ್ಕ್ರೂವಿನ ಮೇಲೆ ಕೈಯಿಟ್ಟು ಕಾದ.

"ಹೊಗೆ ವಿಪರೀತ ಆಯ್ತು ಮೇಸ್ತ್ರಿ, ಬಿಗಿ ಮಾಡಿ" ಎಂದ ಡ್ರೈವರ್, ಕಣ್ಣೊರೆಸಿಕೊಳ್ಳುತ್ತ.

"ತಡಿಯಪ್ಪ," ಎಂದ ಮೇಸ್ತ್ರಿ, "ಅವಳಿನ್ನೂ ಕೆಮ್ಮಿಲ್ಲ."