ಹಾಲಪ್ಪಜ್ಜ ಹೇರಿದ ಕಲ್ಲುಗಳು

ಹಾಲಪ್ಪಜ್ಜನ ಮೆಕ್ಕೆಜೋಳದ ಮೇಲಿದ್ದ ತಾಡಪಾಲನ್ನು ಆ ಬೆಳಿಗ್ಗೆ ತೆಗೆದವನು ನಾನು. ಅಜ್ಜನ ಮರೆವಲ್ಲ — ನಾನು, ಶಿಕಾರಿಪುರದ ಕಾಲೇಜಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತ, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಸೌಂದರ್ಯ ಹುಡುಕುತ್ತಿದ್ದ ದೊಡ್ಡ ಮನುಷ್ಯ.

ಚಳಿಗಾಲ ಬಂತೆಂದರೆ ನನಗೆ ಹುಚ್ಚು. ಬಸ್‌ಸ್ಟ್ಯಾಂಡಿನ ಇಡ್ಲಿ ಪಾತ್ರೆಯ ಹಬೆ, ಕಿವಿಗೆ ಟವೆಲ್ ಸುತ್ತಿ ಬೀಡಿ ಸೇದುವವರು, ಕೆರೆಯ ಮೇಲಿನ ಮಂಜು — ಎಲ್ಲ ಹಿಡಿದು, 'ನಮ್ಮೂರ ಚಳಿಯ ಮೌನ' ಎಂದು ಬರೆದು ವಾಟ್ಸಾಪಿಗೆ ಹಾಕುತ್ತಿದ್ದೆ. ಮೌನವಂತೆ! ಇನ್ನೂ ರಗ್ಗಿನೊಳಗೇ ಬಿದ್ದಿದ್ದವರು 'ಅದ್ಭುತ ಸಾರ್' ಎನ್ನುತ್ತಿದ್ದರು. ಅಷ್ಟಕ್ಕೇ ನಾನು ಉಬ್ಬಿಹೋಗುತ್ತಿದ್ದೆ.

ಬಳ್ಳಿಗಾವಿ ಕಡೆಯ ರಸ್ತೆಬದಿಯಲ್ಲಿ ಅಜ್ಜ ಜೋಳ ಒಣಗಿಸುತ್ತಿದ್ದ. ಸಂಜೆಯಾದರೆ ತಾಡಪಾಲು ಹೊದಿಸಿ, ಅಂಚಿಗೆ ಒಂದೊಂದೇ ಕಲ್ಲು ಹೇರಿ, ಪ್ರತಿ ಕಲ್ಲನ್ನೂ ಕಾಲಿನಿಂದ ಒತ್ತಿ ನೋಡುತ್ತಿದ್ದ. ದಿನಾ ಕಂಡಿದ್ದೇನೆ. ಅದರಲ್ಲಿ ಚೆಂದವೇನಿದೆ ಅನ್ನಿಸಿತ್ತು ನನಗೆ. ನನಗೆ ಬೇಕಿದ್ದುದು ಕಾಳಿನ ಮೇಲೆ ಕೂತ ಇಬ್ಬನಿ.

ಆ ದಿನ ನಸುಕಿನಲ್ಲಿ ಅವನು ಎಮ್ಮೆಯ ಹಾಲು ಕರೆಯಲು ಮನೆಗೆ ಹೋಗಿದ್ದ. ನಾನು ಕಲ್ಲುಗಳನ್ನೆತ್ತಿ ಪಕ್ಕಕ್ಕೆ ಒಟ್ಟಿ, ತಾಡಪಾಲು ಮಡಚಿಟ್ಟು, ಇಬ್ಬನಿ ಕೂರಲೆಂದು ಕಾದೆ. ಫೋಟೋ ಸಿಕ್ಕಿತು. ಆ ಸಂತೋಷಕ್ಕೆ ಮೈಮರೆತು — ಇಲ್ಲ, ಸುಳ್ಳು. ಮತ್ತೆ ಹೊದಿಸಲು ಸೋಮಾರಿತನ. ಹಾಗೇ ಹೊರಟುಬಿಟ್ಟೆ.

ಎಂಟು ಗಂಟೆಗೆ ಅದೇ ದಾರಿಯಲ್ಲಿ ಬಂದಾಗಲೂ ಮಂಜು ಹರಿದಿರಲಿಲ್ಲ. ಜೋಳ ಕೊಳ್ಳಲು ಬಂದವನು ಕಾಳು ಕಚ್ಚಿ ನೋಡಿ, 'ಹಸಿ ಐತೆ' ಎಂದು ಲಾರಿ ತಿರುಗಿಸಿದ್ದ. ಮಡಚಿದ ತಾಡಪಾಲು, ಒಟ್ಟಿದ ಕಲ್ಲು — ರಾತ್ರಿ ಹೊದಿಸಲೇ ಇಲ್ಲ ಅನ್ನಿಸುವಷ್ಟು ಅಚ್ಚುಕಟ್ಟಾಗಿತ್ತು ನನ್ನ ಕೆಲಸ! ಅಜ್ಜನ ಮಗ ರಸ್ತೆಯಲ್ಲೇ ಕೂಗುತ್ತಿದ್ದ.

"ಕಲ್ಲು ಹೇರೋದೂ ಮರ್ತೆಯಲ್ಲಪ್ಪ! ನಾಳಿಂದ ಮನೇಲೇ ಕುಂತ್ಕ."

"ಹೇರಿದ್ದೆ ಕಣಪ್ಪ," ಎಂದ ಅಜ್ಜ. ಒಟ್ಟಿದ ಕಲ್ಲುಗಳನ್ನು ನೋಡಿ, "ಹೇರಿದ್ದೆ ಅನ್ಸುತ್ತೆ."

ಆಮೇಲೆ ನನ್ನ ಕಡೆ ತಿರುಗಿದ. "ಬೆಳಿಗ್ಗೆ ಈ ಕಡೆ ಬಂದಿದ್ರಲ್ರೀ ಮೇಷ್ಟ್ರೇ, ಹೊದ್ಸಿತ್ತಾ? ನೀವಾದ್ರೂ ನೋಡಿದ್ರಾ?"

"ನಾನು ನೋಡ್ಲಿಲ್ಲ ಅಜ್ಜ," ಎಂದೆ.

ನಾಲ್ಕು ಚಳಿಗಾಲ ಕಳೆದವು. ಅಂದಿನಿಂದ ಅವನ ಕೈಗೆ ಯಾವ ಕೆಲಸವನ್ನೂ ಕೊಡುತ್ತಿಲ್ಲ. ಈಗ ಅವನಿಗೇ ಅವನ ಮೇಲೆ ನಂಬಿಕೆಯಿಲ್ಲ. 'ಉಂಡೆನಾ' ಅಂತಲೂ ಸೊಸೆಯನ್ನೇ ಕೇಳುತ್ತಾನಂತೆ. ನನ್ನ ಇಬ್ಬನಿ ಫೋಟೋ ಮಾತ್ರ ಕಟ್ಟು ಹಾಕಿಸಿಕೊಂಡು ಕಾಲೇಜಿನ ಗೋಡೆಯ ಮೇಲಿದೆ. ಥೂ, ನನ್ನ ಕಣ್ಣಿಗೆ!

ಆ ನಸುಕಿನಲ್ಲಿ, ಬೆಳಕು ಸಾಕೇ ಎಂದು ನೋಡಲು, ಕಲ್ಲು ಎತ್ತುವ ಮೊದಲೇ ಒಂದು ಫೋಟೋ ಒತ್ತಿದ್ದೆ. ಯಾರಿಗೂ ತೋರಿಸಿಲ್ಲ, ಅಳಿಸಿಯೂ ಇಲ್ಲ. ಇವತ್ತು ಅದರ ಪ್ರಿಂಟ್ ಹಾಕಿಸಿದ್ದೇನೆ, ತೆಗೆದ ತಾರೀಖು, ಗಂಟೆ ಸಮೇತ. ನಾಳೆ ಅವನ ಮನೆಗೆ ಹೋಗಿ, ಮಗನೆದುರೇ ಅವನ ಕೈಗೆ ಕೊಡಬೇಕು. ಅವನಿಗೆ ಆ ದಿನವಾದರೂ ನೆನಪಿದೆಯೋ ಇಲ್ಲವೋ —

ಫೋಟೋದಲ್ಲಿ ಕಲ್ಲುಗಳೆಲ್ಲ ಅವನು ಹೇರಿದಲ್ಲೇ ಇವೆ.