ಇಪ್ಪತ್ತಾರು ಡಿಗ್ರಿ, ಎಲ್ಲ ಚೆನ್ನಾಗಿದೆ

ಗಲ್ಫಿನ ನಜ್ಮಾ ಬಡಾವಣೆಯ ನಮ್ಮ ರೂಮಿನಲ್ಲಿ ಮೂವರು ಮನುಷ್ಯರು, ಒಂದು ಹಾವು. ಗೊರಕೆ ಹೊಡೆಯದೆ ಮಲಗುತ್ತಿದ್ದದ್ದು ಹಾವೊಂದೇ. ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ, ವಿಷವಿಲ್ಲದ, ಹೆಬ್ಬಾವಿನ ಜಾತಿಯ ಪುಟ್ಟ ಹಾವು. ಸಾಕಿದವರು ರೂಮಿನ ಹಿರಿಯರು, ನಾವು ಅಣ್ಣ ಎನ್ನುತ್ತಿದ್ದ ಮೈಸೂರಿನವರು. ಆರು ವರ್ಷಗಳಲ್ಲಿ ಅವರು ನಾಲ್ಕು ರೂಮು ಬದಲಿಸಿದ್ದರು. ನಾಲ್ಕಕ್ಕೂ ಜೊತೆಗೆ ಬಂದಿದ್ದು ಅದೊಂದೇ ಜೀವ. ಉದ್ದನೆಯ ಪ್ಲಾಸ್ಟಿಕ್ ಡಬ್ಬ ಅದರ ಮನೆ. ಗಾಳಿಯಾಡಲೆಂದು ಅಣ್ಣ ಬಿಸಿ ಕಡ್ಡಿಯಿಂದ ಒಂದು ಬದಿ ಕೆಳಗೆ, ಇನ್ನೊಂದು ಬದಿ ಮೇಲೆ ಸಾಲಾಗಿ ತೂತು ಮಾಡಿದ್ದರು.

ಒಂದು ತಿಂಗಳ ರಜೆಗೆ ಊರಿಗೆ ಹೊರಟಾಗ ಅದನ್ನು ನನಗೆ ಒಪ್ಪಿಸಿದರು. ನಾನು ಉಡುಪಿ ಕಡೆಯವನು. ಹಾವು ಕಂಡರೆ ಮೊದಲು ಕೈಮುಗಿದು ಆಮೇಲೆ ಓಡುವ ವಂಶ.

"ಮುಟ್ಟೋದೇನೂ ಬೇಡ ಕಣೋ. ತಿಂಗಳಿಗಾಗುವಷ್ಟು ತಿಂದಿದೆ, ನೀರೂ ಇಟ್ಟಿದ್ದೀನಿ. ಈ ಮೀಟರ್ ನೋಡು ಸಾಕು. ಇದರ ವೈರಿನ ತುದಿ ಡಬ್ಬದ ಒಳಗೇ ಇರ್ಬೇಕು. ಇಪ್ಪತ್ತಾರು ಡಿಗ್ರಿ ಇದ್ರೆ ಆರಾಮ. ದಿನಾ ಒಂದು ಫೋಟೊ ಕಳ್ಸು."

"ಯಲ್ಲಾ, ತಡ ಮಾಡ್ಬೇಡಿ, ನೀವು ಹೊರಡಿ ಅಣ್ಣ. ನೀವು ಬರುವಷ್ಟರಲ್ಲಿ ಅದು ನನ್ನನ್ನೇ ಅಪ್ಪ ಅಂತ ಕರೀತದೆ."

ಮುಂದಿನ ವಾರ ನಾಗರ ಪಂಚಮಿ. ಅಮ್ಮನ ಫೋನ್ ಬಂತು.

"ಎಂತ ಮಾರಾಯ, ರೂಮಿನಲ್ಲೇ ನಾಗ ಇದ್ದು ಹಾಲು-ಎಳನೀರಿನ ತನು ಎರೆಯದಿದ್ರೆ ಹೇಗೆ?"

"ಅಮ್ಮಾ, ಅದು ಆಫ್ರಿಕಾದ್ದು."

"ಆದ್ರೆ ಎಂತ? ನಾಗನಿಗೆ ಪಾಸ್‌ಪೋರ್ಟ್ ಉಂಟಾ?"

ಅಲ್ ಮನ್ಸೂರಾದ ಅಂಗಡಿಗೆ ಹೋಗಿ ಎಳನೀರು, ಹಾಲು, ಅರಿಶಿನ ತಂದೆ. ಮುಚ್ಚಳವನ್ನು ಎರಡು ಬೆರಳಷ್ಟು ಎತ್ತಿ, ಕಣ್ಣು ಮುಚ್ಚಿ, ಲೋಟ ಪೂರ್ತಿ ಎರೆದೆ. ಊರಿನ ಕಲ್ಲಿನ ನಾಗನಾಗಿದ್ದರೆ ಹರಿದುಹೋಗುತ್ತಿತ್ತು. ಇಲ್ಲಿ ಕೆಳಗೆ ಹಾಸಿದ್ದ ತೆಂಗಿನ ನಾರಿನ ಪುಡಿ ಎಲ್ಲವನ್ನೂ ಹೀರಿಕೊಂಡಿತು. ಹಾವು ತಲೆ ಎತ್ತಿತು. ಆಶೀರ್ವಾದವೆಂದುಕೊಂಡು ಮುಚ್ಚಳ ಬಡಿದೆ. ಮೀಟರಿನ ವೈರು ಹೊರಗೆ ಜಾರಿದ್ದನ್ನು ನೋಡಲಿಲ್ಲ.

ಎರಡು ದಿನಕ್ಕೆ ಹಾಲು ಹುಳಿಯಾಗಿ ರೂಮು ನಾರತೊಡಗಿತು. ರೂಮಿನ ಮೂರನೆಯವನು, ಕಾಸರಗೋಡಿನವನು, ಮೂಗು ಹಿಡಿದು ನಿಂತ.

"ಖಲಾಸ್! ಒಂದಾ ಅದು ಇರ್ಬೇಕು, ಇಲ್ಲಾ ನಾನು."

ಡಬ್ಬ ತೊಳೆಯಬೇಕಾದರೆ ಹಾವನ್ನು ಎತ್ತಬೇಕು. ಎತ್ತುವ ಧೈರ್ಯ ನನ್ನ ಏಳು ತಲೆಮಾರಿನಲ್ಲಿ ಯಾರಿಗೂ ಇರಲಿಲ್ಲ. ಪ್ಯಾಕಿಂಗ್ ಟೇಪ್ ತಂದು ಎರಡೂ ಬದಿಯ ತೂತು ಮುಚ್ಚಿಬಿಟ್ಟೆ. ವಾಸನೆ ನಿಂತಿತು. ನನ್ನ ಬುದ್ಧಿಗೆ ನಾನೇ ಚಪ್ಪಾಳೆ ತಟ್ಟಿಕೊಂಡೆ.

ಪ್ರತಿ ಬೆಳಿಗ್ಗೆ ಮೀಟರಿನ ಫೋಟೊ ಕಳಿಸಿ, 'ಇಪ್ಪತ್ತಾರು ಡಿಗ್ರಿ, ಎಲ್ಲ ಚೆನ್ನಾಗಿದೆ' ಎಂದು ಬರೆಯುತ್ತಿದ್ದೆ. ಎಸಿಯ ಕೆಳಗೆ ನೇತಾಡುತ್ತಿದ್ದ ಆ ವೈರು ನನ್ನ ಮಂಚದ ಕ್ಷೇಮಸಮಾಚಾರ ಹೇಳುತ್ತಿತ್ತು. ಡಬ್ಬದ ಒಳಗೋಡೆಯಲ್ಲಿ ನೀರು ಇಳಿಯುತ್ತಿತ್ತು. ಎಸಿಯಲ್ಲೂ ಬೆವರುತ್ತಾನಲ್ಲ ಎಂದು ನಕ್ಕೆ.

ಟೇಪ್ ಹಾಕಿದ ಹತ್ತನೆಯ ದಿನ ಹಾವು ತಲೆಯನ್ನು ಮೇಲಕ್ಕೆ ಚಾಚಿ ಬಾಯಿ ತೆರೆದಿತ್ತು. ಮೊದಲ ಸಲ ಹಾವಿನದೇ ಫೋಟೊ ಕಳಿಸಿದೆ: 'ಅಣ್ಣ, ನಿಮ್ಮ ಮಗ ನಗ್ತಾ ಇದ್ದಾನೆ.'

ತಕ್ಷಣ ಫೋನ್.

"ಅದು ನಗ್ತಿಲ್ಲ ಕಣೋ. ಉಸಿರಾಡೋಕೆ ಆಗ್ತಿಲ್ಲ ಅದಕ್ಕೆ. ತೂತೆಲ್ಲಿ? ತೂತೇ ಕಾಣ್ತಿಲ್ವಲ್ಲೋ!"

ಟೇಪ್ ಕಿತ್ತೆ. ಡಬ್ಬವನ್ನೇ ಅಪ್ಪಿಕೊಂಡು ಟ್ಯಾಕ್ಸಿಯಲ್ಲಿ ಅಲ್ ಥುಮಾಮಾದ ಪ್ರಾಣಿವೈದ್ಯರ ಹತ್ತಿರ ಓಡಿದೆ. ಒದ್ದೆ ಹಾಸು, ಕೆಟ್ಟ ಗಾಳಿ. ಶ್ವಾಸಕೋಶದಲ್ಲಿ ಕಫ ತುಂಬಿದೆ ಎಂದರು. ಇಂಜೆಕ್ಷನ್ ಕೊಟ್ಟು ಅಲ್ಲೇ ಇಟ್ಟುಕೊಂಡರು. ಮೂರನೆಯ ದಿನ ಮಧ್ಯಾಹ್ನ, ಗಾಜಿನಾಚೆ ನಾನು ನಿಂತಿದ್ದಾಗಲೇ, ಅದರ ಪಕ್ಕೆ ಏಳುವುದು ನಿಂತಿತು. ಅಣ್ಣನಿಗೆ ಏನು ಬರೆಯಲಿ? ಅಷ್ಟು ದಿನ ಬರೆದದ್ದು ಒಂದೇ ವಾಕ್ಯ.

ರಜೆ ಮುಗಿಸಿ ಬಂದ ಅಣ್ಣ ಬೈಯಲಿಲ್ಲ. ನನಗೆಂದು ಅವರ ತಾಯಿ ಮಾಡಿ ಕಳಿಸಿದ್ದ ಚಕ್ಕುಲಿ ಪೊಟ್ಟಣ ನನ್ನ ಮಂಚದ ಮೇಲಿಟ್ಟರು. ಆಮೇಲೆ ಖಾಲಿ ಡಬ್ಬವನ್ನು ಬಚ್ಚಲಿಗೆ ಒಯ್ದು, ತೂತಿನ ಸುತ್ತ ಉಳಿದಿದ್ದ ಟೇಪಿನ ಅಂಟನ್ನು ಉಗುರಿನಿಂದ ಕೆರೆಯುತ್ತಾ ಕೂತರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಕೊನೇಲಿ ಕೈಲಿ ಹಿಡ್ಕೊಂಡಿದ್ಯೇನೋ?"

"ಇಲ್ಲ ಅಣ್ಣ."

"ಹೆದ್ರಿಕೆನಾ?"

"ಹೂಂ."

"ಅದಕ್ಕೂ ಹೊಸಬ್ರು ಅಂದ್ರೆ ಹೆದ್ರಿಕೆ ಕಣೋ. ಕೈಲಿ ಇಟ್ಕೊಂಡ್ರೆ ಸ್ವಲ್ಪ ಹೊತ್ತಿಗೆ ಸುಮ್ನಾಗ್ತಿತ್ತು," ಎಂದು ಅವರು ಮತ್ತೆ ಕೆರೆಯತೊಡಗಿದರು.