ಕಾಯಿ ಒಡೆಯುವ ಹಕ್ಕು

ಜಗಳೂರಿನ ನಮ್ಮ ರೈತರ ಕಂಪನಿಯ ಅಧ್ಯಕ್ಷರನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಯಾರು ಏನೇ ಕೇಳಲಿ, ಹೆಗಲ ಟವೆಲ್ ಕೊಡವಿ, “ಮೊದ್ಲು ಮರ್ಯಾದೆ, ಆಮೇಲೆ ಯಾಪಾರ” ಎನ್ನುತ್ತಿದ್ದರು.

ಮೆಕ್ಕೆಜೋಳ ಒಣಗಿಸುವ ಹೊಸ ಯಂತ್ರ ಬಂತು. ಪೂಜೆಯ ಕಾಯಿಯನ್ನು ತಾವೇ ಒಡೆಯಬೇಕೆಂದು ಅವರು ಹಟ ಹಿಡಿದರು. ಯಂತ್ರ ತರಿಸಿದ್ದು ತಾವು, ಒಡೆಯುವ ಹಕ್ಕೂ ತಮ್ಮದೇ ಎಂದು ಕಂಪನಿಯ ಸಿಇಒ ಸೆಟೆದು ನಿಂತರು. ಪೂಜೆಯಾಗದೆ ಯಂತ್ರ ಶುರುಮಾಡುವಂತಿರಲಿಲ್ಲ. ಮೂರು ವಾರ ಇಬ್ಬರೂ ಜಗ್ಗಲಿಲ್ಲ; ಒಣಗಿಸಲೆಂದು ರೈತರು ತಂದ ಹಸಿ ಜೋಳ ಗೋದಾಮಿನಲ್ಲೇ ಬಿದ್ದಿತ್ತು.

ಯಂತ್ರ ನಡೆಸಬೇಕಿದ್ದ ನಾನು, ಬೂಷ್ಟು ಹಿಡಿದ ಕಾಳನ್ನು ಬೊಗಸೆ ತುಂಬ ತಂದು ಅಧ್ಯಕ್ಷರ ಮೇಜಿನ ಮೇಲೆ ಸುರಿದೆ.

“ಗೋದಾಮೆಲ್ಲ ಹಿಂಗೇ ಐತೆ. ಇಬ್ರೂ ಸೇರಿ ಕಾಯಿ ಒಡೀರಿ.”

ಅವರು ಟವೆಲ್ ಕೊಡವಿದರು. “ಮೊದ್ಲು ಮರ್ಯಾದೆ.”

ಊರೂರಿನ ರೈತರ ಬೆಳೆಯನ್ನು ತಿಪ್ಪೆಗೆ ಸುರಿದೆವು. ಯಂತ್ರದ ಮುಂದಿಟ್ಟಿದ್ದ ಕಾಯಿಯನ್ನು ಅಲ್ಲಾಡಿಸಿದೆ, ನೀರಿನ ಸದ್ದಿಲ್ಲ. ಇಡೀ ಗೋದಾಮಿನಲ್ಲಿ ಒಣಗಿದ್ದು ಅದೊಂದೇ.